ತಪ್ಪೆಲ್ಲ ಕಾರ್ಬುರೇಟರಿನದೇ?



ಹಳೆಯ ಕಾರು ಕೆಮ್ಮಿ ನಿಂತರೆ ಸಾಕು, ಮೊದಲು ಕಾರ್ಬುರೇಟರನ್ನು ಬಿಚ್ಚುವುದು ನಮ್ಮಲ್ಲಿ ಒಂದು ಸಂಪ್ರದಾಯವೇ ಆಗಿದೆ. ವಿಚಾರಣೆಗೆ ಮೊದಲೇ ತೀರ್ಪು ಕೊಡುವ ಈ ಸೋಮಾರಿತನವನ್ನು ನಾನು ಖಂಡಿಸುತ್ತೇನೆ.

ನನ್ನ ಹಳೆಯ ಅಂಬಾಸಿಡರ್ ಒಮ್ಮೆ ಎಂಜಿನ್ ಬಿಸಿಯಾದೊಡನೆ ನಿಲ್ಲತೊಡಗಿತು. ತಣಿದರೆ ಮತ್ತೆ ಹೊರಡುತ್ತಿತ್ತು. ಗ್ಯಾರೇಜಿನವರು ಬಾನೆಟ್ ಎತ್ತಿದ ಕ್ಷಣವೇ, "ಮೇಷ್ಟ್ರೇ, ಕಾರ್ಬುರೇಟರ್ ಹೋಗಿದೆ" ಎಂದರು. ಜೆಟ್ಟಿನೊಳಗೆ ತಂತಿ ತೂರಿಸಿ ಉಜ್ಜಿದರು, ಸ್ಕ್ರೂ ತಿರುಗಿಸಿದರು, ಕಡೆಗೆ ಹೊಸದನ್ನೇ ಕೂರಿಸಿದರು. ಹಣ ಹೋಯಿತು, ರೋಗ ಉಳಿಯಿತು. ಮುಂದಿನ ಬಾರಿ ಕಾರು ನಿಂತದ್ದು ನಡುರಾತ್ರಿ, ಉಬ್ಬಸದಿಂದ ನರಳುತ್ತಿದ್ದ ಪತ್ನಿಯನ್ನು ಆಸ್ಪತ್ರೆಗೆ ಒಯ್ಯುವಾಗ. ಪುಣ್ಯಾತ್ಮ ಲಾರಿ ಚಾಲಕರೊಬ್ಬರು ನಮ್ಮನ್ನು ತಲುಪಿಸಿದರು. ಆಕೆ ಚೇತರಿಸಿಕೊಂಡ ಮೇಲೆ ನಾನೇ ಎಂಜಿನ್ ನಿಲ್ಲುವವರೆಗೂ ಓಡಿಸಿ, ಪ್ಲಗ್ ಕಳಚಿ ನೋಡಿದೆ: ಕಿಡಿಯೇ ಇಲ್ಲ! ಡಿಸ್ಟ್ರಿಬ್ಯೂಟರಿನ ಪುಟ್ಟ ಕಂಡೆನ್ಸರ್ ಬಿಸಿಯಾದಾಗ ಕೈಕೊಡುತ್ತಿತ್ತು. ಅದನ್ನು ಬದಲಿಸಿದೆ, ಕಾರು ಮತ್ತೆ ನಿಲ್ಲಲಿಲ್ಲ.

ಕ್ರಮ ಬಹಳ ಸರಳ. ಟ್ಯಾಂಕು, ಫಿಲ್ಟರು, ಪಂಪುಗಳನ್ನು ದಾಟಿ ಪೆಟ್ರೋಲ್ ಬರುತ್ತಿದೆಯೇ? ಕಿಡಿ ಬಲವಾಗಿದೆಯೇ? ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಕಳ್ಳಗಾಳಿ ನುಗ್ಗುತ್ತಿಲ್ಲವಷ್ಟೇ? ಈ ಮೂರೂ ಸರಿಯಿದ್ದರೆ ಮಾತ್ರ ಕಾರ್ಬುರೇಟರಿನ ಸರದಿ. ಆಗಲೂ ಪ್ಲಗ್ಗಿನ ಬಣ್ಣವನ್ನು ಮೊದಲು ಓದಬೇಕು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ನೀಡಲ್ ವಾಲ್ವ್ ಮುಚ್ಚದೆ ಫ್ಲೋಟ್ ಕೋಣೆ ಉಕ್ಕುತ್ತಿರಬಹುದು. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಕಡಿಮೆ, ಜೆಟ್ ಕಟ್ಟಿರಬಹುದು. ಜೆಟ್ಟನ್ನು ಗಾಳಿಯೂದಿ ಶುಚಿಗೊಳಿಸಬೇಕೇ ಹೊರತು ತಂತಿಯಿಂದಲ್ಲ. ಹಿತ್ತಾಳೆಯ ರಂಧ್ರ ಹಿಗ್ಗಿದರೆ ಅದರ ಅಳತೆಯೇ ಕೆಟ್ಟಂತೆ.

"ಈಗಿನ ಪೆಟ್ರೋಲಿಗೆ ಹಳೆಯ ಕಾರ್ಬುರೇಟರ್ ಒಗ್ಗದು" ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿದೆ. ಒಂದು ಪಾಲು ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಹೀಗಾಗಿ ಶೇಕಡಾ 20ರಷ್ಟು ಎಥನಾಲ್ ಬೆರೆತಾಗ, ಹಳೆಯ ಜೆಟ್ ಒದಗಿಸುವ ಮಿಶ್ರಣದಲ್ಲಿ ಗಾಳಿಯ ಪಾಲು ಮಿಗುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಕೆಡುತ್ತವೆ. ಆದರೆ ಇದು ಪರೀಕ್ಷೆಯನ್ನು ಹೆಚ್ಚಿಸಲು ಕಾರಣವೇ ವಿನಾ ಬಿಟ್ಟುಬಿಡಲು ನೆಪವಲ್ಲ.

ಗ್ಯಾರೇಜಿನವರನ್ನು ಬೈಯುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಒಂದು ವರ್ಷವಿಡೀ "ದಡ್ಡ" ಎಂದು ಗದರಿದ್ದೆ. ಅವನಿಗೆ ಕಪ್ಪುಹಲಗೆಯೇ ಕಾಣುತ್ತಿರಲಿಲ್ಲ ಎಂಬುದು ಅವನು ಕನ್ನಡಕ ಧರಿಸಿ ಬಂದ ದಿನ ನನಗೆ ತಿಳಿಯಿತು. ಅಂದು ನಾನೂ ಪ್ಲಗ್ ನೋಡದೆ ಕಾರ್ಬುರೇಟರ್ ಬಿಚ್ಚಿದವನೇ.

ನಿಮ್ಮಲ್ಲಿ ಅನೇಕರು ಇಂದು ಎಂಜಿನಿಯರರು, ವೈದ್ಯರು, ಶಿಕ್ಷಕರು. ಕಾರಣ ಕಾಣುವ ತನಕ ಸ್ಕ್ರೂಡ್ರೈವರ್ ಕೆಳಗಿಡಿ. ನಿಮ್ಮ ಮೇಷ್ಟ್ರ ಕೋರಿಕೆ ಇಷ್ಟೇ.