ನಿಲ್ಲಿಸಿ ಯೋಚಿಸುವ ಯುದ್ಧ

ಒಂದು ಕೃತಿಯನ್ನು ಎರಡನೆಯ ಸಲ ಓದಬೇಕೆನಿಸುತ್ತದೆಯೇ ಎಂಬುದು ನಾವು ಪುಸ್ತಕಗಳಿಗೆ ಒಡ್ಡುತ್ತ ಬಂದಿರುವ ಹಳೆಯ ಪರೀಕ್ಷೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಾಗಲಿ, ಡೊಂಬಿವಲಿ, ಗೋರೆಗಾಂವ್‌ಗಳ ಕರ್ನಾಟಕ ಸಂಘಗಳಲ್ಲಾಗಲಿ ಕಾದಂಬರಿಯ ಮಾತು ಬಂದಾಗ, ನಾಟಕದ ಮಾತು ಬಂದಾಗ ಈ ಪ್ರಶ್ನೆ ಏಳುತ್ತದೆ. ನಮ್ಮದೇ ಮನೆಗಳ ಒಳಕೋಣೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಆಡುವ ವಿಡಿಯೋ ಗೇಮ್‌ಗಳ ಬಗ್ಗೆ ಮಾತ್ರ ಏಳುವುದಿಲ್ಲ. ಅಲ್ಲಿ ನಾವು ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಪ್ರಶ್ನೆ: ‘ಇನ್ನೂ ಎಷ್ಟು ಹೊತ್ತು?’

ಈ ಅಸಡ್ಡೆಗೆ ಈಚೆಗೆ ಭಯವೂ ಸೇರಿಕೊಂಡಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಮುಂಬಯಿಯ ಡ್ರೀಮ್ ಇಲೆವೆನ್ ತನ್ನ ಹಣದ ಪಂದ್ಯಗಳನ್ನು ಕೈಬಿಟ್ಟಿತು. ಅಂದಿನಿಂದ ಮೊಬೈಲಿನ ಆಟವೆಂದರೆ ಜೂಜು ಎಂಬ ಸಮೀಕರಣ ಅನೇಕ ಮನೆಗಳಲ್ಲಿ ಗಟ್ಟಿಯಾಗಿದೆ. ಜೂಜು ಕೂಡ ಆಡುವವನನ್ನು ಮತ್ತೆ ಕರೆಯುತ್ತದೆ, ನಿಜ. ಧರ್ಮರಾಯ ಒಮ್ಮೆ ಎಲ್ಲವನ್ನೂ ಸೋತು, ಧೃತರಾಷ್ಟ್ರನ ವರದಿಂದ ಮರಳಿ ಪಡೆದು, ಇಂದ್ರಪ್ರಸ್ಥದ ದಾರಿ ಹಿಡಿದಿದ್ದವನು ಕರೆ ಬಂದೊಡನೆ ಹಿಂದಿರುಗಿ ಅದೇ ಹಾಸಿನ ಮುಂದೆ ಕುಳಿತ. ಅನುದ್ಯೂತವೆಂದು ಹೆಸರು ಪಡೆದ ಆ ಎರಡನೆಯ ಆಟಕ್ಕೆ ಅವನು ಮೊದಲನೆಯದರಿಂದ ಏನನ್ನೂ ಕಲಿತು ಬಂದಿರಲಿಲ್ಲ. ಅಕ್ಷಹೃದಯವನ್ನು ಬೃಹದಶ್ವ ಮುನಿ ಅವನಿಗೆ ಕಲಿಸುವುದು ಆಮೇಲೆ, ವನಪರ್ವದಲ್ಲಿ. ಕಲಿಯದೆ ಮತ್ತೆ ಆಡುವುದು ಬೇರೆ, ಕಲಿತದ್ದಕ್ಕಾಗಿಯೇ ಮತ್ತೆ ಆಡುವುದು ಬೇರೆ. ನಾವು ಇಲ್ಲಿ ಬರೆಯಹೊರಟಿರುವುದು ಎರಡನೆಯ ಬಗೆಯ ಒಂದು ಆಟದ ಕುರಿತು.

ಬಾಹ್ಯಾಕಾಶವನ್ನು ರಂಗವಾಗಿಸಿಕೊಂಡ ವ್ಯೂಹದ ಆಟಗಳಿಗೆ ಈಗ ದೊಡ್ಡ ವಂಶವೇ ಇದೆ. 1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಬಂದಾಗ ಅಲನ್ ಎಮ್ರಿಚ್ ಎಂಬ ಅಮೆರಿಕದ ವಿಮರ್ಶಕ ಅದನ್ನು ವರ್ಣಿಸಲು ‘ಫೋರ್ ಎಕ್ಸ್’ ಎಂಬ ಮಾತನ್ನು ಟಂಕಿಸಿದರು: ಶೋಧಿಸು, ವಿಸ್ತರಿಸು, ದುಡಿಸಿಕೊ, ನಿರ್ನಾಮ ಮಾಡು. ಸಾಮ್ರಾಜ್ಯಗಳ ಚರಿತ್ರೆಯನ್ನು ನಾಲ್ಕು ಕ್ರಿಯಾಪದಗಳಿಗೆ ಇಳಿಸಿದ ಈ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಹೊರತಂದ ‘ಸ್ಟೆಲ್ಲಾರಿಸ್’ ಈ ವಂಶದ ವೈಭವದ ಕುಡಿ. ಅದರ ಕಾಲಗಣನೆ 2200ನೇ ಇಸವಿಯಿಂದ ತೊಡಗುತ್ತದೆ. ಸಾವಿರ ನಕ್ಷತ್ರಗಳವರೆಗಿನ ಬ್ರಹ್ಮಾಂಡವನ್ನು ಅದು ನಮ್ಮ ಮುಂದೆ ಹರಡುತ್ತದೆ. ಮೊದಲ ಕೆಲವು ಗಂಟೆಗಳ ಬೆರಗು ಅಪ್ಪಟವಾದದ್ದು. ಯಾವ ತಾರೆಯ ಹಿಂದೆ ಏನಿದೆಯೋ ತಿಳಿಯದು. ಆದರೆ ಗಡಿಗಳು ಗೊತ್ತಾದ ಮೇಲೆ, ನಮ್ಮ ಅಭಿಪ್ರಾಯದಲ್ಲಿ, ಆಟ ಆಡಳಿತವಾಗಿಬಿಡುತ್ತದೆ. ಗ್ರಹ ಗ್ರಹಕ್ಕೂ ನಿರುದ್ಯೋಗದ ತಕರಾರು, ಕಟ್ಟಡದ ಮಂಜೂರಾತಿ, ಒಂದರ ಮೇಲೊಂದು ಸೂಚನಾಪತ್ರ. ದಿನವಿಡೀ ಕಚೇರಿಯಲ್ಲಿ ಕಡತ ನೋಡಿ ಬಂದವರು ರಾತ್ರಿ ಮತ್ತೆ ಕಡತಗಳನ್ನೇ ನೋಡಬೇಕು. ಅಲ್ಲಿ ಸೋಲು ಬರುವುದೂ ನಿಧಾನವಾಗಿ, ಗೆಲುವು ಬರುವುದೂ ನಿಧಾನವಾಗಿ. ಯಾವ ನಿರ್ಧಾರದಿಂದ ಏನಾಯಿತೆಂಬುದು ನೆನಪಿನಲ್ಲಿ ಉಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 2012ರ ಸೆಪ್ಟೆಂಬರಿನಲ್ಲಿ ಬಂದ ‘ಎಫ್‌ಟಿಎಲ್’. ಪೂರ್ಣ ಹೆಸರು ‘ಫಾಸ್ಟರ್ ದ್ಯಾನ್ ಲೈಟ್’. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರು ದೊಡ್ಡ ಕಂಪನಿಯ ಕೆಲಸ ಬಿಟ್ಟು ಇದನ್ನು ಕಟ್ಟಿದರು. ಕಿಕ್‌ಸ್ಟಾರ್ಟರ್ ಮೂಲಕ ಕೇಳಿದ್ದು 10,000 ಡಾಲರ್. ಸಂದದ್ದು 2 ಲಕ್ಷ ಡಾಲರಿಗೂ ಮಿಗಿಲು. ಇಲ್ಲಿ ಸಾಮ್ರಾಜ್ಯವಿಲ್ಲ. ಒಂದು ಪುಟ್ಟ ನೌಕೆ, ಮೊದಲಿಗೆ ಅದರೊಳಗೆ ಮೂವರು. ಒಂದು ರಹಸ್ಯ ಮಾಹಿತಿಯನ್ನು ಎಂಟು ವಲಯಗಳನ್ನು ದಾಟಿಸಿ ತಲಪಿಸಬೇಕು. ಬೆನ್ನ ಹಿಂದೆ ಬಂಡುಕೋರರ ಪಡೆ. ನೌಕೆ ಒಂದು ತಾಣದಿಂದ ಇನ್ನೊಂದಕ್ಕೆ ನೆಗೆದಾಗಲೆಲ್ಲ ಒಂದು ಪಾಲು ಇಂಧನ ಮುಗಿಯುತ್ತದೆ, ಆ ಪಡೆಯೂ ಒಂದಿಷ್ಟು ಮುಂದೆ ಸರಿಯುತ್ತದೆ. ಹೆಚ್ಚು ತಾಣಗಳನ್ನು ಹೊಕ್ಕರೆ ಹೆಚ್ಚು ಗುಜರಿ ಸಿಗುತ್ತದೆ, ಗುಜರಿಯೇ ಇಲ್ಲಿನ ನಾಣ್ಯ. ಆದರೆ ತಡ ಮಾಡಿದರೆ ಹಿಂದಿನವರು ಬಂದು ಮುಟ್ಟುತ್ತಾರೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಖಾಲಿಯಿರುವ ಸ್ಲೋ ಗಾಡಿಯೋ ಕಾಲಿಡಲಾಗದ ಫಾಸ್ಟೋ ಎಂದು ಲೆಕ್ಕ ಹಾಕುವವರಿಗೆ ಈ ಸಂದಿಗ್ಧವನ್ನು ವಿವರಿಸಬೇಕಾಗಿಲ್ಲ.

ವ್ಯೂಹವೆಲ್ಲ ಕೊರತೆಯಿಂದ ಹುಟ್ಟುತ್ತದೆ. ನೌಕೆಯ ವಿದ್ಯುತ್ತು ಎಲ್ಲಕ್ಕೂ ಸಾಲದು: ಗುರಾಣಿಗೆ ಕೊಟ್ಟರೆ ಶಸ್ತ್ರಕ್ಕಿಲ್ಲ, ಶಸ್ತ್ರಕ್ಕೆ ಕೊಟ್ಟರೆ ಎಂಜಿನ್ನಿಗಿಲ್ಲ. ಕ್ಷಿಪಣಿ ವೈರಿಯ ಗುರಾಣಿಯನ್ನು ಭೇದಿಸುತ್ತದೆ, ಆದರೆ ಅವುಗಳ ಎಣಿಕೆ ಸೀಮಿತ. ಬೆಂಕಿ ಬಿದ್ದರೆ ಹೊರಬಾಗಿಲು ತೆರೆದು ಕೋಣೆಯ ಗಾಳಿಯನ್ನು ಶೂನ್ಯಕ್ಕೆ ಬಿಡಬಹುದು. ಬೆಂಕಿ ನಂದುತ್ತದೆ, ಒಳಗಿದ್ದವರ ಉಸಿರೂ ಕಟ್ಟುತ್ತದೆ. ಎಷ್ಟೋ ಸಲ ರೋಗಿಗಳ ಕೋಣೆಯ ವಿದ್ಯುತ್ತನ್ನು ಕಿತ್ತು ಪ್ರಾಣವಾಯುವಿನ ಯಂತ್ರಕ್ಕೆ ಕೊಟ್ಟು, ಮರುಕ್ಷಣವೇ ಅದನ್ನು ತಿರುಗಿ ಕಿತ್ತು ಫಿರಂಗಿಗೆ ಕೊಡಬೇಕಾಗುತ್ತದೆ. ಸಾಯುವವನಿಗೊಂದು ಹೆಸರಿರುತ್ತದೆ. ಹಿಂದೆ ಹೋಗಿ ತಿದ್ದಿಕೊಳ್ಳಲು ಆಟ ಬಿಡುವುದಿಲ್ಲ. ನೌಕೆ ಒಡೆದರೆ ಆ ಯಾನ ಅಲ್ಲಿಗೆ ಮುಗಿಯಿತು.

ಆದರೆ ಅದು ಒಂದನ್ನು ಧಾರಾಳವಾಗಿ ಕೊಡುತ್ತದೆ, ನಿಲುಗಡೆಯನ್ನು. ಕೀಲಿಮಣೆಯ ಉದ್ದನೆಯ ಕೀಲಿಯನ್ನು ಒತ್ತಿದರೆ ಯುದ್ಧ ಇದ್ದಲ್ಲೇ ನಿಲ್ಲುತ್ತದೆ. ಗುಂಡುಗಳು ಗಾಳಿಯಿಲ್ಲದ ಬಯಲಲ್ಲಿ ತೂಗಿಕೊಂಡಿರುತ್ತವೆ. ನಾವು ಎಷ್ಟು ಹೊತ್ತು ಬೇಕಾದರೂ ಯೋಚಿಸಿ, ಒಬ್ಬೊಬ್ಬರಿಗೂ ಆಜ್ಞೆ ಕೊಟ್ಟು, ಮತ್ತೆ ಕಾಲವನ್ನು ಹರಿಯಬಿಡಬಹುದು.

ಈ ಲಯ ನಮಗೆ ಅಪರಿಚಿತವಲ್ಲ. ಮಳೆಗಾಲದಲ್ಲಿ, ಕರಾವಳಿಯ ಮೇಳಗಳ ತಿರುಗಾಟ ನಿಂತಾಗ, ಕಲಾವಿದರು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವುದನ್ನು ನಾವೆಲ್ಲ ಕೂತು ಕೇಳಿದವರೇ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ವಾಲಿಯ ಎದೆಯಲ್ಲಿ ಬಾಣ ನೆಟ್ಟಿದೆ; ಕಥೆ ಅಲ್ಲೇ ನಿಂತಿದೆ. ಆ ನಿಂತ ಕಾಲದೊಳಗೆ ಅರ್ಥಧಾರಿ ರಾಮನನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಪ್ರಶ್ನಿಸುತ್ತಾನೆ. ವಾಲಿ ಸಾಯುತ್ತಾನೆಂಬುದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಒಮ್ಮೆ ಕೇಳಿದವರು ಇನ್ನೊಮ್ಮೆ ಕೇಳಲು ಹೋಗುತ್ತಿದ್ದರು. ಎದುರಿಗೆ ರಾಮನಾಗಿ ಕೂತವರು ಬೇರೆ, ಅವರು ಎತ್ತುವ ಸಮರ್ಥನೆ ಬೇರೆ, ಆದ್ದರಿಂದ ಆ ರಾತ್ರಿಯ ವಾಲಿಯೂ ಬೇರೆ. ಪ್ರಸಂಗ ಒಂದೇ, ಮಾತು ಬರೆದಿಟ್ಟದ್ದಲ್ಲ. ಎಫ್‌ಟಿಎಲ್‌ನ ಪ್ರಸಂಗವೂ ಒಂದೇ: ಎಂಟು ವಲಯ, ಕೊನೆಯಲ್ಲಿ ಮೂರು ಸುತ್ತಿನಲ್ಲಿ ಎದುರಾಗುವ ಬಂಡುಕೋರರ ಮಹಾನೌಕೆ. ನಡುವೆ ಯಾವ ಅಂಗಡಿಯಲ್ಲಿ ಯಾವ ಶಸ್ತ್ರ, ಯಾವ ತಾಣದಲ್ಲಿ ಯಾರ ಮೊರೆ ಎಂಬುದು ಪ್ರತಿ ಸಲವೂ ಕಲಸಿಹೋಗಿರುತ್ತದೆ. ಮರು ಆಟದ ಬೆಲೆ ಹುಟ್ಟುವುದು ಇಲ್ಲಿ. ನೌಕೆ ಒಡೆದಾಗ ಅದರಲ್ಲಿ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಉಳಿಯುವುದು ಆಡಿದವರ ತಿಳಿವಳಿಕೆ. ಮುಂದಿನ ಯಾನಕ್ಕೆ ಅದೊಂದೇ ಬುತ್ತಿ.

‘ಹಾಗಾದರೆ ಇದೂ ದಾಳದ ಆಟವೇ ಅಲ್ಲವೇ?’ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆ. ಕೆಲವು ಯಾನಗಳು ಮೊದಲ ವಲಯದಲ್ಲೇ ಅದೃಷ್ಟಗೆಟ್ಟು ಮುಗಿಯುವುದುಂಟು. ದೈತ್ಯ ಜೇಡಗಳ ಬಾಧೆಗೆ ಸಿಕ್ಕ ಒಂದು ನಿಲ್ದಾಣಕ್ಕೆ ನೆರವಾಗಹೋಗಿ ಒಳ್ಳೆಯ ಆಳನ್ನು ಕಳೆದುಕೊಂಡು ಕೈ ಹಿಸುಕಿಕೊಳ್ಳದವರಿಲ್ಲ. ಆದರೆ ನುರಿತವರು ಕಠಿಣ ಹಂತದಲ್ಲೂ ಸಾಲಾಗಿ ಗೆಲ್ಲುತ್ತಾರೆ. ಬರೀ ದಾಳವಾಗಿದ್ದರೆ ಅದು ಸಾಧ್ಯವಿರಲಿಲ್ಲ. ನಮ್ಮ ಆಕ್ಷೇಪ ಬೇರೆಡೆ ಇದೆ. ಕೊನೆಯ ಮಹಾನೌಕೆ ಕೆಲವೇ ಬಗೆಯ ಸಿದ್ಧತೆಗೆ ಮಣಿಯುವಂಥದು. ಏಳು ವಲಯಗಳಲ್ಲಿ ‘ನಿನ್ನ ದಾರಿ ನೀನೇ ಕಂಡುಕೊ’ ಎಂದ ಆಟ ಎಂಟನೆಯದರಲ್ಲಿ ‘ಗುರಾಣಿ ಗಟ್ಟಿಯಿಲ್ಲದಿದ್ದರೆ ಯಾಕೆ ಬಂದೆ’ ಎಂದು ಗದರಿಸುತ್ತದೆ. ವಿಚಿತ್ರವಾದ, ತಮಾಷೆಯ ವ್ಯೂಹಗಳನ್ನು ಕಟ್ಟಿಕೊಂಡು ಬಂದವರಿಗೆ ಅದು ಅನ್ಯಾಯವೇ.

ಇನ್ನು ಹೊತ್ತಿನ ಮಾತು. ಮುಂಬಯಿಯಲ್ಲಿ ಹಣಕ್ಕಿಂತ ತುಟ್ಟಿಯಾದದ್ದು ಅದೇ. ಒಂದು ಯಾನ, ಕೊನೆಯವರೆಗೂ ಬದುಕಿದರೆ, ಸುಮಾರು ಎರಡು ಗಂಟೆಯದು. ವಿರಾರಿನಿಂದ ಚರ್ಚ್‌ಗೇಟಿಗೆ ಹೋಗಿ ಬರುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು. ಲೋಕಲ್ ಗಾಡಿಗಳಲ್ಲಿ ಈಗ ಕಾಣುವ ಎಷ್ಟೋ ಮೊಬೈಲ್ ಆಟಗಳಿಗೆ ಮುಕ್ತಾಯವೇ ಇಲ್ಲ. ‘ಶಕ್ತಿ ಮುಗಿಯಿತು, ನಾಲ್ಕು ಗಂಟೆ ಕಾಯಿರಿ, ಇಲ್ಲವೇ ಹಣ ಕೊಡಿ’ ಎನ್ನುವ ಆಟಗಳಲ್ಲಿ ನಡೆಯ ವೇಗವನ್ನು ನಿರ್ಧರಿಸುವುದು ಗಲ್ಲಾಪೆಟ್ಟಿಗೆ. ಅವು ಕಾನೂನಿನ ಕಣ್ಣಿಗೆ ಜೂಜಲ್ಲದಿರಬಹುದು. ಮನೆಯ ಹಿರಿಯರು ಅನುಮಾನಿಸಬೇಕಾದದ್ದು ಅವನ್ನು. ಎಫ್‌ಟಿಎಲ್ ಒಮ್ಮೆ ಕೊಂಡರೆ ಮುಗಿಯಿತು. 2014ರಲ್ಲಿ ಹೊಸ ನೌಕೆ, ಹೊಸ ಕಥಾಪ್ರಸಂಗಗಳ ವಿಸ್ತೃತ ಆವೃತ್ತಿ ಬಂದಾಗ ಹಳೆಯ ಗಿರಾಕಿಗಳಿಗೆ ಅದನ್ನು ಪುಕ್ಕಟೆಯಾಗಿಯೇ ಕೊಟ್ಟರು.

ಬಾಗಿಲಲ್ಲಿ ನಿಂತು ಹೊತ್ತು ಕೇಳುವವರು ಒಮ್ಮೆ ಒಳಗೆ ಹೋಗಿ ಪಕ್ಕದಲ್ಲಿ ಕೂರಬಹುದು. ಯುದ್ಧ ನಿಂತಿರುವಾಗ ‘ಈಗ ಯಾವ ಬಾಗಿಲು ತೆರೆಯುತ್ತೀ?’ ಎಂದು ಮಗುವನ್ನು ಕೇಳಲು ಬೇಕಾದಷ್ಟು ಸಮಯವಿರುತ್ತದೆ. ತಾವೇ ಆಡಿ ನೋಡುವವರು ‘ಸುಲಭ’ ಎಂಬ ಹಂತವನ್ನೇ ಆರಿಸಿಕೊಳ್ಳಲಿ, ಮೊದಲ ಗುಜರಿಯನ್ನು ಗುರಾಣಿಗೆ ಹಾಕಲಿ. ಮೂರನೆಯ ವಲಯ ದಾಟುವ ಮೊದಲೇ ನೌಕೆ ಚೂರಾದರೆ ಗಾಬರಿಯಾಗುವುದು ಬೇಡ. ಮೊದಮೊದಲು ಎಲ್ಲರದ್ದೂ ಅಷ್ಟರಲ್ಲೇ ಚೂರಾಗುತ್ತದೆ.