ಡಿಕ್ಕಿ ಉದ್ದವಾದರೆ ಮರ್ಯಾದೆ ಕಡಿಮೆಯೇ?

ಸ್ಟೇಷನ್ ವ್ಯಾಗನ್ ನಮ್ಮ ದೇಶಕ್ಕೆ ಒಗ್ಗುವ ಗಾಡಿಯಲ್ಲ ಎಂದು ಕಾರು ಬಲ್ಲವರು ಸಲೀಸಾಗಿ ಹೇಳಿಬಿಡುತ್ತಾರೆ. ಅವರ ಕೈಯಲ್ಲಿ ಪುರಾವೆಯೂ ಉಂಟು. 1992ರ ಟಾಟಾ ಎಸ್ಟೇಟ್, ಬೆಂಗಳೂರಿನ ಸಿಪಾನಿ ಕಂಪನಿ ತೊಂಬತ್ತರ ದಶಕದಲ್ಲಿ ಜೋಡಿಸಿ ಮಾರಿದ ರೋವರ್ ಮೊಂಟೆಗೊ, ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, 2004ರ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ. ಸೆಡಾನಿನ ಛಾವಣಿಯನ್ನು ಹಿಂದಿನ ತುದಿಯವರೆಗೂ ಎಳೆದು, ಕೂರುವ ಜಾಗವನ್ನೂ ಡಿಕ್ಕಿಯನ್ನೂ ಒಂದೇ ಕೋಣೆ ಮಾಡಿದ ಈ ಗಾಡಿಗಳಲ್ಲಿ ಒಂದೂ ಇಲ್ಲಿ ಬಾಳಲಿಲ್ಲ. ಸೋಲು ನಿಜ. ಆದರೆ ಭಾರತೀಯರಿಗೆ ಅಂಥ ಗಾಡಿಯ ಅಗತ್ಯವೇ ಇಲ್ಲ ಎಂದು ಅದರಿಂದ ಹೊರಡಿಸುವ ತೀರ್ಮಾನವನ್ನು ನಾನು ಒಪ್ಪಲಾರೆ.

ಗೋವಾದ ಮಡಗಾಂವಿನಲ್ಲಿ ಮೋತಿ ಡೊಂಗರ್ ಎಂಬ ಗುಡ್ಡವಿದೆ. ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದ ಕನ್ನಡದ ಕುಟುಂಬಗಳು ಅಲ್ಲಿ ದಶಕಗಳಿಂದ ನೆಲೆಸಿವೆ. ಜಾತ್ರೆಗೋ ಮದುವೆಗೋ ಮತದಾನಕ್ಕೋ ಇಂಥ ಮನೆಯವರು ಊರಿಗೆ ಹೊರಟರೆ ಜೊತೆಗೆ ಅಜ್ಜಿ, ಕೂಸು, ಹಾಸಿಗೆ ಗಂಟು, ಊರಿನವರಿಗೆ ಕೊಂಡ ಸಾಮಾನು ಎಲ್ಲವೂ ಹೊರಡಬೇಕು. ಮರಳುವಾಗ ಜೋಳದ ಚೀಲ, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಬರುತ್ತವೆ. ರೈಲು, ಬಸ್ಸು ಸಿಗದಿದ್ದರೆ ಕ್ರೂಸರ್, ಇಕೋ, ಇಲ್ಲವೇ ಎರ್ಟಿಗಾ ಬಾಡಿಗೆಗೆ ಹಿಡಿಯಬೇಕು. ಫೋಂಡಾ, ಮೊಲೆಂ ದಾಟಿ ಅನಮೋಡ ಘಾಟ್ ಹತ್ತಿ, ರಾಮನಗರ, ಅಳ್ನಾವರದ ಮೇಲೆ ಧಾರವಾಡದತ್ತ ಸಾಗುವ ಆ ಪಯಣದಲ್ಲಿ ಜನರೂ ಸಾಮಾನೂ ಒಂದೇ ಸೂರಿನಡಿ ಇರಬೇಕು. ಸ್ಟೇಷನ್ ವ್ಯಾಗನ್ ಹುಟ್ಟಿದ್ದೇ ಈ ಅಗತ್ಯಕ್ಕೆ. ಅಗತ್ಯ ಉಳಿದಿದೆ, ಆ ಆಕಾರದ ಕಾರು ಮಾತ್ರ ಇಲ್ಲವಾಗಿದೆ.

ನಮ್ಮ ರಸ್ತೆಗೆ ತಗ್ಗಾದ ಗಾಡಿ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಮಳೆಗಾಲದಲ್ಲಿ ಘಾಟಿ ಹತ್ತಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ರಸ್ತೆಯಲ್ಲಿ ತಗ್ಗಾದ ಸೆಡಾನುಗಳು ಲಕ್ಷಗಟ್ಟಲೆ ಓಡಿದವಲ್ಲ! ಸೆಡಾನಿಗೆ ಸಿಕ್ಕ ರಿಯಾಯಿತಿ ಅದೇ ಎತ್ತರದ ವ್ಯಾಗನ್ನಿಗೆ ಏಕೆ ಸಿಗಲಿಲ್ಲ? ಕಾರಣ ನಮ್ಮ ಮನಸ್ಸಿನಲ್ಲಿದೆ ಎಂದೇ ನಾನು ನಂಬಿದ್ದೇನೆ. ಡಿಕ್ಕಿ ಪ್ರತ್ಯೇಕವಾಗಿದ್ದರೆ ಹೊರೆ ಮರೆಯಾಗಿರುತ್ತದೆ, ಗಾಜಿನಾಚೆ ಕಂಡರೆ ಅದು ಸಾಮಾನು ಹೊರುವ ಗಾಡಿ ಅನ್ನಿಸಿಕೊಳ್ಳುತ್ತದೆ. ಅಂಬುಲೆನ್ಸಿನಂತಿದೆ, ಶವ ಸಾಗಿಸುವ ವ್ಯಾನಿನಂತಿದೆ ಎಂದು ಮೂಗು ಮುರಿದವರು ನಿಜಕ್ಕೂ ನಾಚಿದ್ದು ದುಡಿಮೆಯ ಗುರುತಿಗೆ. ಹೊರೆ ಹೊತ್ತೇ ಬದುಕು ಕಟ್ಟಿಕೊಂಡವರ ನಾಡಿನಲ್ಲಿ ಈ ನಾಚಿಕೆ ನನಗೆ ನೋವು ತರುತ್ತದೆ.

ಟ್ಯಾಕ್ಸಿಯಾಗಿ ಓಡಿದರೆ ಕಾರಿನ ಹೆಸರು ಕೆಡುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ಟೊಯೊಟಾ ಕಿರ್ಲೋಸ್ಕರ್ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಹೊರತಂದ ಕ್ವಾಲಿಸ್ ಬೆಂಗಳೂರಿನ ಕಾಲ್ ಸೆಂಟರ್‌ಗಳ ರಾತ್ರಿಪಾಳಿಗೆ ಜನರನ್ನು ಹೊತ್ತು ತಿರುಗಿತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಕೂಡ ಬಾಡಿಗೆಗೆ ಓಡಿತು, ಮಂತ್ರಿಗಳ ಸಾಲಿನಲ್ಲೂ ಓಡಿತು. ಟೊಯೊಟಾದ ಹೆಸರು ಇದರಿಂದ ಮಸುಕಾಗಲಿಲ್ಲ. ದಿನವಿಡೀ ದುಡಿದರೂ ಕೈಕೊಡದ ಗಾಡಿ ಎಂಬ ನಂಬಿಕೆಯನ್ನು ಆ ಕಂಪನಿಗೆ ದೊರಕಿಸಿಕೊಟ್ಟವರೇ ಬಾಡಿಗೆ ಚಾಲಕರು. ಯಾವ ಜಾಹೀರಾತೂ ಕೊಡಲಾರದ ಪ್ರಮಾಣಪತ್ರ ಅದು.

ಕಂಪನಿಯ ವರ್ಚಸ್ಸು ಎಂಬುದು ಅಷ್ಟು ಗಟ್ಟಿ ವಸ್ತುವೂ ಅಲ್ಲ. ಬ್ರಿಟನ್ನಿನಲ್ಲಿ ಬಹುಕಾಲ ನಗೆಹನಿಗಳಿಗೆ ಗುರಿಯಾಗಿದ್ದ ಸ್ಕೋಡಾ, ಭಾರತಕ್ಕೆ ಕಾಲಿಟ್ಟದ್ದೇ ಸಿರಿವಂತರ ಕಾರಾಗಿ. ಸರ್ಕಾರಿ ಇಲಾಖೆಗಳ ಜೀಪಿನ ಕಂಪನಿಯಾಗಿದ್ದ ಮಹೀಂದ್ರ 2002ರ ಸ್ಕಾರ್ಪಿಯೊದಿಂದಾಚೆಗೆ ಪಟ್ಟಣದ ಹುಡುಗರ ಕನಸಾಯಿತು. ಸ್ಟೇಷನ್ ವ್ಯಾಗನ್ನಿನ ಕಥೆಯೂ ಹೀಗೆಯೇ. ಅಮೆರಿಕದಲ್ಲಿ ಅದು ಮೊದಲು ರೈಲ್ವೆ ನಿಲ್ದಾಣದಿಂದ ಪ್ರಯಾಣಿಕರನ್ನೂ ಪೆಟ್ಟಿಗೆಗಳನ್ನೂ ಸಾಗಿಸುತ್ತಿದ್ದ, ಮರದ ಮೈಯ ಬಾಡಿಗೆ ಗಾಡಿ. ಮುಂದೆ ಅದೇ ಮರದ ಮೈ ಶ್ರೀಮಂತಿಕೆಯ ಲಕ್ಷಣವಾಯಿತು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತಾವೇ ವಾಕ್ಸ್‌ಹಾಲ್ ಎಸ್ಟೇಟ್ ಓಡಿಸುತ್ತಿದ್ದರು. ಯುರೋಪಿನಲ್ಲಿ ಈಗಿನ ಫೋಕ್ಸ್‌ವ್ಯಾಗನ್ ಪಸಾಟ್ ಸೆಡಾನ್ ರೂಪದಲ್ಲಿ ಸಿಗುವುದೇ ಇಲ್ಲ, ವ್ಯಾಗನ್ ಮಾತ್ರ. ಇಡೀ ಜಗತ್ತೇ ಇದನ್ನು ಕೈಬಿಟ್ಟಿದೆ ಎನ್ನುವವರು ಅತ್ತಲೂ ಒಮ್ಮೆ ನೋಡಬೇಕು.

ಅಭಿರುಚಿಯ ತಲೆಗೆ ಕಟ್ಟಿದ ಅಪರಾಧದಲ್ಲಿ ಕಾನೂನಿನ ಪಾಲೂ ದೊಡ್ಡದು. ಅಮೆರಿಕದ 1975ರ ಇಂಧನ ಕಾಯ್ದೆಯ ಮೇಲೆ ಬಂದ ನಿಯಮಗಳು ಲಘು ಟ್ರಕ್ಕುಗಳಿಗೆ ಕಾರಿಗಿಂತ ಸಡಿಲವಾಗಿದ್ದವು. ವ್ಯಾಗನ್ ಕಾರಿನ ಲೆಕ್ಕಕ್ಕೆ ಬಂತು, ಮಿನಿವ್ಯಾನ್ ಮತ್ತು ಎಸ್‌ಯುವಿ ಟ್ರಕ್ಕಿನ ಲೆಕ್ಕಕ್ಕೆ. ಕಂಪನಿಗಳು ಎತ್ತ ವಾಲಿದವೆಂದು ಊಹಿಸುವುದು ಕಷ್ಟವಲ್ಲ. ನಮ್ಮಲ್ಲಿ 2006ರ ಬಜೆಟ್ 4 ಮೀಟರಿನ ಗೆರೆ ಎಳೆಯಿತು. ಅದರೊಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಉದ್ದನೆಯ ಹಿಂಬದಿಯೇ ಜೀವಾಳವಾದ ವ್ಯಾಗನ್ ಗೆರೆಯಾಚೆ ಉಳಿಯಿತು. ಟಾಟಾ ಮಾಡಿದ್ದನ್ನೇ ನೋಡಿ. ಎರಡು ವರ್ಷದಲ್ಲಿ ಇಂಡಿಗೊದ ಡಿಕ್ಕಿಯನ್ನು ಮೊಟಕುಗೊಳಿಸಿ ಇಂಡಿಗೊ ಸಿಎಸ್ ತಂದಿತು. ಮರೀನಾ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಅದು ಬರೀ ಗಿರಾಕಿಯ ತೀರ್ಪೆಂದು ಹೇಳುವುದು ನ್ಯಾಯವಲ್ಲ.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳು ಆ ಗೆರೆಯನ್ನು ಹಾಗೆಯೇ ಉಳಿಸಿಕೊಂಡಿವೆ. ಗೆರೆಯೊಳಗಿನ ಸಣ್ಣ ಎಂಜಿನ್ನಿನ ಕಾರಿಗೆ ಶೇ 18, ಆಚೆಯದಕ್ಕೆ ಶೇ 40. ಐದು ಜನ ಕೂರುವ, ಎತ್ತರದ ಗತ್ತಿನ ಪುಟ್ಟ ಎಸ್‌ಯುವಿ ಅಗ್ಗದ ದರದಲ್ಲಿದೆ. ಏಳು ಜನರನ್ನು ಹೊರುವ, 4,435 ಮಿಲಿಮೀಟರ್ ಉದ್ದದ ಎರ್ಟಿಗಾ ಶೇ 40ರಲ್ಲಿದೆ. 4 ಮೀಟರಿನೊಳಗೇ ಏಳು ಸೀಟು ಕೂರಿಸಿದ ರೆನೋ ಟ್ರೈಬರ್ ಇದೆಯಲ್ಲ ಎನ್ನಬಹುದು. ಅದು ಜಾಣತನದ ವಿನ್ಯಾಸವೇ. ಆದರೆ ಏಳೂ ಸೀಟು ಬಳಸಿದಾಗ ಅದರ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್ ಜಾಗ. ಅಜ್ಜಿ ಕೂತರೆ ಜೋಳದ ಚೀಲ ಕ್ಯಾರಿಯರಿಗೆ ಏರಬೇಕು. ಸುಂಕವನ್ನು ಗಾಡಿಯ ಉದ್ದದ ಬದಲು ಅದು ಎಷ್ಟು ಜನರನ್ನು ಎಷ್ಟು ಇಂಧನದಲ್ಲಿ ಒಯ್ಯುತ್ತದೆ ಎಂಬುದರ ಮೇಲೆ ಹಾಕಲಿ. ವ್ಯಾಗನ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಗಿರಾಕಿಯ ಮುಂದಿಡುವುದು ಆಮೇಲಿನ ಮಾತು.