ಹೆದರಿಸಿದ್ದು ರಕ್ತ ಅಲ್ಲ, ಬಾಗಿಲು

ಮೊನ್ನೆ ಟೀಮ್ ಔಟಿಂಗಿನಲ್ಲಿ ‘ಕ್ಯಾಬಿನ್ ಫೀವರ್’ ನೋಡಿದ್ವಿ. ಈಲೈ ರಾಥ್ 2002ರಲ್ಲಿ ಮಾಡಿದ ಹಾರರ್ ಸಿನಿಮಾ. “ಬರೀ ರಕ್ತ ಗುರು, ಕತೆಯೇ ಇಲ್ಲ” ಅಂದರು ಗೆಳೆಯರು. ನಾನಂತೂ ಒಪ್ಪಲ್ಲ.

ಕಾಲೇಜು ಮುಗಿಸಿದ ಐವರು ಮಜಾ ಮಾಡೋಕೆ ಕಾಡಿನ ಮನೆಗೆ ಬಂದಿದ್ದಾರೆ. ಮೈ ಕೊಳೆಯುತ್ತಿರುವ ಒಬ್ಬ ಸಹಾಯ ಕೇಳಿ ಬಾಗಿಲು ಬಡಿಯುತ್ತಾನೆ. ಇವರು ಒಳಗೆ ಬಿಡೋದಿಲ್ಲ. ಗಲಾಟೆಯಲ್ಲಿ ಬೆಂಕಿ ಹತ್ತಿಕೊಂಡು ಆತ ಕಾಡಿಗೆ ಓಡುತ್ತಾನೆ. ಹೆಣ ಬೀಳೋದು ಇವರ ನಲ್ಲಿಗೆ ನೀರು ಬರುವ ಜಲಾಶಯದಲ್ಲಿ! ಆ ನೀರು ಕುಡಿದ ಗೆಳತಿಗೆ ರೋಗ ಬಂದಾಗ ಅವಳನ್ನೂ ಶೆಡ್ಡಿನಲ್ಲಿ ಕೂಡಿ ಹಾಕುತ್ತಾರೆ.

“ಅಂಟುರೋಗ ಅಂದ್ಮೇಲೆ ದೂರ ಇಡಬೇಕಲ್ವಾ?” ಅಂತೀರಾ. ಇಡಿ ಸ್ವಾಮಿ, ಬೇಡ ಅಂದೋರ್ಯಾರು? ಆದರೆ ದೂರ ಇಡೋದು ಬೇರೆ, ಕೈಬಿಡೋದು ಬೇರೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ಮನೆಗೆಲಸದವರನ್ನು ಗೇಟಿನಲ್ಲೇ ನಿಲ್ಲಿಸಿದರು. ಸರಿ. ಆದರೆ “ಅವರ ಸಂಬಳ ಕೊಡೋಣ್ವಾ?” ಅಂತ ನಾನು ಕೇಳಿದಾಗ ವಾಟ್ಸಾಪ್ ಗ್ರೂಪಿಗೆ ಗ್ರೂಪೇ ಗಪ್‌ಚುಪ್. ಊರಿಗೆ ಹೋದರೆ ಅಲ್ಲೂ ದಾರಿಗೆ ಮುಳ್ಳು ಹಾಕಿದ್ದರು; ನನ್ನನ್ನೂ ಒಳಗೆ ಬಿಡಲಿಲ್ಲ. ಆದರೆ ಊರಾಚೆ ತೋಟದ ಮನೆಯಲ್ಲಿ ಇರಿಸಿದರು. 14 ದಿನವೂ ದೊಡ್ಡಮ್ಮ ಬುತ್ತಿ ತಂದು ಕಟ್ಟೆ ಮೇಲಿಟ್ಟು, ದೂರದಿಂದಲೇ “ಉಂಡ್ಯೇನೋ?” ಅಂತ ಕೂಗಿ ಹೋಗ್ತಿದ್ದಳು.

ಸಿನಿಮಾದ ಕೊನೆಗೆ ಅದೇ ಕಾಡಿನ ನೀರು ಬಾಟಲಿ ಸೇರಿ ಲಾರಿ ಹತ್ತುತ್ತೆ. ಬಾಗಿಲು ಹಾಕಿಕೊಂಡು ಗೆದ್ದೆ ಅನ್ನೋರು ಆ ಲಾರಿ ಯಾರ ಮನೆ ಕಡೆ ಹೊರಟಿದೆ ಅಂತ ಒಮ್ಮೆ ಯೋಚಿಸಲಿ.